ಹೆಜ್ಜೆ ಪಟ್ಟಿ ಗುಡಿಸಿದ ನಮ್ಮ ಮಾವ

ನಮ್ಮ ಮಾವ ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಟ್ಟವರಲ್ಲ, ಕಸ ಗುಡಿಸುವುದು ದೂರದ ಮಾತು. ಆದರೆ ಕಾಡಿನ ಮಣ್ಣನ್ನು ಅವರಷ್ಟು ಚೆನ್ನಾಗಿ ಗುಡಿಸುವವರು ಇಡೀ ಅರಣ್ಯ ಇಲಾಖೆಯಲ್ಲಿ ಇರಲಿಲ್ಲ. ಹುಲ್ಲುಗಾವಲಿಗೂ ಕೆರೆಗೂ ನಡುವೆ ಎರಡು ಫರ್ಲಾಂಗ್ ಉದ್ದದ ನುಣ್ಣನೆ ಮಣ್ಣಿನ ಪಟ್ಟಿ. ಸಂಜೆ ಅದನ್ನು ಗುಡಿಸಿ ಸಮ ಮಾಡಬೇಕು. ಬೆಳಿಗ್ಗೆ ಹೋಗಿ ಯಾವ ಯಾವ ಪ್ರಾಣಿ ದಾಟಿದೆ ಎಂದು ಹೆಜ್ಜೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಇಪ್ಪತ್ತೇಳು ವರ್ಷ ಮಾಡಿದ್ದು ಅದೊಂದೇ ಕೆಲಸ. ಊರವರು ‘ಪೊರಕೆ ಸಾಹೇಬರು’ ಎಂದು ಆಡಿಕೊಂಡರೆ ಮಾವ ಅದನ್ನು ಬಿರುದು ಎಂದೇ ತಿಳಿದಿದ್ದರು.

ಮೊಮ್ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರೆ ತಡಬಡಾಯಿಸುತ್ತಿದ್ದ ಮನುಷ್ಯನಿಗೆ, ಹಿಂಗಾಲು ಎಳೆಯುವ ಒಂದು ಹೆಣ್ಣು ಜಿಂಕೆಯ ವಯಸ್ಸು ಮಾತ್ರ ತಿಂಗಳ ಲೆಕ್ಕದಲ್ಲಿ ಗೊತ್ತಿತ್ತು. ಅದಕ್ಕೆ ಕುಂಟಿ ಎಂದು ಹೆಸರಿಟ್ಟಿದ್ದರು. ಆರು ವರ್ಷದಲ್ಲಿ ಅದನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಆದರೂ ಬೆಳಿಗ್ಗೆ ಬಂದವರೇ, “ಕುಂಟಿ ಈ ಸಲ ಮರೀನೂ ಕರ್ಕೊಂಡು ಬಂದಿದ್ಲಮ್ಮ” ಎಂದು ಸೊಸೆಯಾದ ನನಗೆ ಪಕ್ಕದ ಮನೆಯ ಸುದ್ದಿಯಂತೆ ಹೇಳುತ್ತಿದ್ದರು.

ಆ ಹುಲ್ಲುಗಾವಲಿನ ಕೆಳಗೆ ಎಣ್ಣೆ ಇದೆ ಎಂದು ಒಂದು ಕಂಪನಿ ಬಂತು. ಅಲ್ಲಿ ಕಾಡುಪ್ರಾಣಿಗಳ ಓಡಾಟವಿಲ್ಲ ಎಂದು ತೋರಿಸಿದರೆ ಕೊರೆಯಲು ಅನುಮತಿ, ಇದ್ದರೆ ಇಲ್ಲ. ಇದನ್ನು ತೋರಿಸಲಿಕ್ಕೆಂದೇ ಒಬ್ಬ ತಜ್ಞರು ಬಂದಿಳಿದರು. ತಲೆಗೆ ಬಿಳಿ ಟೋಪಿ, ಕಾಲಿಗೆ ಇನ್ನೂ ಧೂಳು ಕಾಣದ ಬೂಟು.

ನನ್ನದು ಸೋಲಾರ್ ರಿಪೇರಿ ಕೆಲಸ. ಕಂಪನಿಯ ಕ್ಯಾಂಪಿನಲ್ಲಿ ದೀಪ, ಫ್ಯಾನು, ವೈರ್‌ಲೆಸ್ಸು ಎಲ್ಲ ನಡೆಯುತ್ತಿದ್ದುದು ಸೋಲಾರಿನ ಮೇಲೆಯೇ. ವೈರನ್ನು ಇಲಿ ಕಡಿದಾಗ ನನಗೇ ಕರೆ ಬಂತು. ‘ಬಿಸಿಲನ್ನು ನಂಬಿ ದೇಶ ನಡೆಸಲಾಗದು’ ಎಂದು ಅವರು ಗೋಡೆಗೆ ಹಾಕಿದ್ದ ಬೋರ್ಡಿನ ಅಡಿಯಲ್ಲೇ ಏಣಿ ಇಟ್ಟು ಹತ್ತಿದೆ. ದೇಶ ನಡೆಸುವುದು ಹಾಗಿರಲಿ, ಅವರ ಫ್ಯಾನು ತಿರುಗಿತು. ತಜ್ಞರು ಅದರ ಕೆಳಗೆ ಕೂತು ವರದಿ ಬರೆದರು.

ಒಂದು ದಿನ ಸಂಜೆ ಪಟ್ಟಿ ನೋಡಲು ಬರುತ್ತೇನೆ ಎಂದು ತಜ್ಞರು ಹೇಳಿಕಳಿಸಿದರು. ದೊಡ್ಡವರು ಬರುತ್ತಾರೆ ಎಂದರೆ ಮಾವನ ಕೈ ಸುಮ್ಮನಿದ್ದೀತೇ? ಅವತ್ತು ಎರಡೆರಡು ಸಲ ಗುಡಿಸಿದರು. ಬಂದವರು ನೋಡಿ, “ವಾಹ್, ತುಂಬಾ ನೀಟಾಗಿದೆ. ಸ್ವಲ್ಪ ಪಕ್ಕಕ್ಕೆ ನಿಂತ್ಕೋತೀರಾ” ಎಂದು ಮಾವನನ್ನು ಬದಿಗೆ ಸರಿಸಿ ಈ ತುದಿಯಿಂದ ಆ ತುದಿಯವರೆಗೆ ಫೋಟೋ ಹೊಡೆದರು. ಮಾವ ಉಬ್ಬಿಹೋದರು. ಮನೆಗೆ ಬಂದು, “ಅಷ್ಟು ಓದಿದೋರೇ ಮೆಚ್ಕೊಂಡ್ರಮ್ಮ” ಎಂದು ನನ್ನ ಹತ್ತಿರ ನಾಲ್ಕು ಸಲ ಹೇಳಿದರು.

ಆ ಫೋಟೋವನ್ನು ನಾವು ಮತ್ತೆ ನೋಡಿದ್ದು ಅನುಮತಿಗಾಗಿ ಕರೆದ ಅಹವಾಲು ಸಭೆಯಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ. “ಇಡೀ ಪಟ್ಟಿಯಲ್ಲಿ ಒಂದೇ ಒಂದು ಹೆಜ್ಜೆ ಇಲ್ಲ, ಗಮನಿಸಿ” ಎಂದರು ತಜ್ಞರು, ನಾಚಿಕೆ ಮಾನ ಇಲ್ಲದೆ.

ಮಾವ ಎದ್ದು ನಿಂತರು. “ಅದು ನಾನು ಆಗ ತಾನೇ ಗುಡಿಸಿದ್ದು ಸಾರ್. ಬೆಳಿಗ್ಗೆ ಬಂದು ನೋಡ್ಬೇಕು. ನನ್ನ ರಿಜಿಸ್ಟರ್ ನೋಡಿ.”

“ರಿಜಿಸ್ಟರು ನೀವು ಕೈಯಲ್ಲಿ ಬರೆದದ್ದು. ಫೋಟೋ ಮೇಲೆ ತಾರೀಕು ಇದೆ” ಎಂದರು ಸಭೆ ನಡೆಸುತ್ತಿದ್ದ ಅಧಿಕಾರಿ.

“ಟೈಮು ಇದೆಯಾ ಸಾರ್?” ಎಂದು ನಾನು ಕೇಳಿದೆ. ಇರಲಿಲ್ಲ. ಅಧಿಕಾರಿ ಮುಖ ಹುಳ್ಳಗೆ ಮಾಡಿಕೊಂಡು, ಹತ್ತು ದಿನ ಬಿಟ್ಟು ಸ್ಥಳ ಪರಿಶೀಲನೆ ಎಂದು ಬರೆಸಿದರು.

ಮಾವ ಮನೆಗೆ ಬಂದು ಪೊರಕೆಯನ್ನು ಅಟ್ಟಕ್ಕೆ ಎಸೆದರು. “ನನ್ನ ಕೈಯಾರೆ ನಾನೇ ಅಳಿಸಿ ಕೊಟ್ನಲ್ಲಮ್ಮ” ಎಂದರು. ಆ ಹತ್ತು ದಿನ ಅವರು ಪಟ್ಟಿಯ ಕಡೆ ತಲೆಹಾಕಲಿಲ್ಲ. ಸಂಜೆಯಾದರೆ ಕೈ ಎಲ್ಲಿಡಬೇಕು ಎಂದು ತಿಳಿಯದೆ ಜಗಲಿಯಲ್ಲಿ ಕೂರುತ್ತಿದ್ದರು.

ಪರಿಶೀಲನೆಯ ಬೆಳಿಗ್ಗೆ ಪಟ್ಟಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಿಂಕೆ, ತೋಳ, ಮೊಲ, ಮುಳ್ಳುಹಂದಿ, ಒಂದರ ಮೇಲೊಂದು ಹೆಜ್ಜೆ. ಮಾವ ಬಗ್ಗಿ ಬಗ್ಗಿ ಮನೆಮಂದಿಯನ್ನು ಪರಿಚಯಿಸಿದಂತೆ ತೋರಿಸಿದರು. “ಇದು ಕುಂಟಿ ಸಾರ್, ಕಾಲು ಎಳೆದಿರೋದು ನೋಡಿ. ಪಕ್ಕದಲ್ಲಿ ಅದರ ಮರಿ.”

“ಎಷ್ಟು ಪ್ರಾಣಿ?” ಎಂದರು ಅಧಿಕಾರಿ.

“ಎಣಿಸೋಕೆ ಆಗಲ್ಲ ಸಾರ್, ಅಷ್ಟಿದಾವೆ.”

“ಎಣಿಸೋಕೆ ಆಗಲ್ಲ ಅಂತ ಅವರೇ ಹೇಳ್ತಿದಾರೆ” ಎಂದರು ತಜ್ಞರು. “ಹಿಂದಿನ ಸಂಜೆ ಪಟ್ಟಿ ಗುಡಿಸಿರಬೇಕು ಅನ್ನೋದು ನಿಯಮ. ಇಲ್ದಿದ್ರೆ ಲೆಕ್ಕಕ್ಕಿಲ್ಲ.”

ಅನುಮತಿ ಸಿಕ್ಕಿತು. ವರದಿಯಲ್ಲಿ ಆ ಹೆಜ್ಜೆಗಳ ಫೋಟೋ ಕೂಡ ಇತ್ತು. ಕೆಳಗೆ ‘ಹತ್ತು ದಿನ ಗುಡಿಸದ ಪಟ್ಟಿ: ಸಿಬ್ಬಂದಿಯ ನಿರ್ಲಕ್ಷ್ಯ’ ಎಂದು ಬರೆದಿತ್ತು. ಇಪ್ಪತ್ತೇಳು ವರ್ಷ ಒಂದು ಸಂಜೆಯೂ ತಪ್ಪಿಸದವರನ್ನು ಆ ನಿರ್ಲಕ್ಷ್ಯಕ್ಕೇ ಮನೆಗೆ ಕಳಿಸಿದರು. ಪಟ್ಟಿಯ ಮೇಲೆ ಜಲ್ಲಿ ಬಿತ್ತು, ಹುಲ್ಲುಗಾವಲಿನಲ್ಲಿ ಕಬ್ಬಿಣದ ಗೋಪುರ ಎದ್ದಿತು, ನಮ್ಮ ಮನೆಯ ಮುಂದೆ ಟ್ಯಾಂಕರುಗಳಿಗೆಂದು ಹೊಸ ಟಾರು ರಸ್ತೆ ಬಂತು. ಕ್ಯಾಂಪಿನ ಸೋಲಾರ್ ಕೆಟ್ಟಿದೆ ಎಂದು ಮತ್ತೆ ಕರೆದರು. ನಿಮ್ಮ ಎಣ್ಣೆಯಲ್ಲೇ ದೀಪ ಹಚ್ಚಿಕೊಳ್ಳಿ ಎಂದು ಹೇಳಿ ಫೋನಿಟ್ಟೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸಲು ಹೊರಟಾಗ ಮಾವ, “ತಡಿಯಮ್ಮ” ಎಂದು ಕೈ ಹಿಡಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಹೆಜ್ಜೆಗಳಿದ್ದವು. ಒಂದರ ಹಿಂಗಾಲು ಮಣ್ಣಿನಲ್ಲಿ ಗೆರೆ ಎಳೆದಿತ್ತು. ಜೊತೆಗೆ ಪುಟ್ಟ ಗೊರಸು.

“ಕೆರೆಗೆ ದಾರಿ ಇಲ್ವಲ್ಲ. ನಮ್ಮ ತೊಟ್ಟಿ ನೀರಿಗೆ ಬಂದಿದಾವೆ” ಎಂದರು. “ಫೋಟೋ ತೆಗಿ. ಟೈಮು ಬರೋ ಹಾಗೆ ತೆಗಿ.”

ತೆಗೆದೆ. ಮಾವ ಹೆಜ್ಜೆ ಓದುತ್ತಾ ತೊಟ್ಟಿ ದಾಟಿ ಗೇಟಿನವರೆಗೆ ಹೋದರು. ಎರಡೂ ಹೆಜ್ಜೆಗಳು ಗೇಟು ದಾಟಿ ರಸ್ತೆಯ ಅಂಚಿನವರೆಗೆ ಹೋಗಿದ್ದವು. ರಸ್ತೆಯ ಆಚೆ ಬದಿಯ ಮಣ್ಣಿನಲ್ಲಿ ಪುಟ್ಟ ಗೊರಸಿನ ಗುರುತು ಮಾತ್ರ ಇತ್ತು. ಮಾವ ಅಲ್ಲಿ ಓಡಾಡಿ ಮತ್ತೆ ಮತ್ತೆ ನೋಡಿದರು. ಎಳೆದ ಗೆರೆ ಸಿಗಲಿಲ್ಲ. ನಡುವೆ ಟಾರಿನ ಮೇಲೆ ಏನೂ ಇರಲಿಲ್ಲ. ರಾತ್ರಿಯೆಲ್ಲ ಟ್ಯಾಂಕರು ಓಡಿದ ಆ ಜಾಗವನ್ನು ಬೆಳಗಾಗುವ ಮೊದಲೇ ಕಂಪನಿಯವರು ನೀರು ಹಾಕಿ ತೊಳೆದಿದ್ದರು.

ತಜ್ಞರು ಬೇಕಾದರೆ ಬಂದು ಆ ರಸ್ತೆಯ ಫೋಟೋ ತೆಗೆದುಕೊಳ್ಳಲಿ. ತುಂಬಾ ನೀಟಾಗಿದೆ.