ಕೆಂದನ ಗಾಜು

ನನ್ನ ಮೊಮ್ಮಗಳು ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ದನದ ರಕ್ತ, ಉಚ್ಚೆ ನೋಡಿ ಕಾಯಿಲೆ ಪತ್ತೆ ಹಚ್ಚುವ ವಿದ್ಯೆ. ಕ್ಲಿನಿಕಲ್ ಪೆಥಾಲಜಿ ಎಂದು ಅದರ ಹೆಸರು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಆ ಹೆಸರನ್ನು ತಡವರಿಸದೆ ಹೇಳುತ್ತೇನೆ. ಹನೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಯಾರೇ ಆಗಲಿ, ಇಳಿಯುವಷ್ಟರಲ್ಲಿ ಅವಳ ಓದು, ಕೆಲಸ, ಮೊನ್ನೆ ಬಂದ ಬಡ್ತಿ ಎಲ್ಲ ಅವರಿಗೆ ಬಾಯಿಪಾಠವಾಗಿರುತ್ತದೆ. ಇದನ್ನು ಬರೆಯುವಾಗಲೂ ನನ್ನ ಕೈ ನಿಲ್ಲುತ್ತಿಲ್ಲ, ಅಷ್ಟು ಹಿಗ್ಗು.

ಬಸ್ಸಿನಲ್ಲಿ ಯಾರಿಗೂ ಹೇಳದ ಒಂದು ಸಂಗತಿಯೂ ಇದೆ. ಅದನ್ನೂ ಬರೆದುಬಿಡುತ್ತೇನೆ.

ಅವಳಿಗೆ ಕೆಲಸ ಸಿಕ್ಕಿದ ವರ್ಷ ನಮ್ಮ ಬಂಡಳ್ಳಿ ಮನೆಯಲ್ಲಿ ಒಂದು ಜೊತೆ ಎತ್ತುಗಳಿದ್ದವು. ಬಲಕ್ಕೆ ಹೂಡುತ್ತಿದ್ದದ್ದು ಕೆಂದ, ಎಡಕ್ಕೆ ಬೂದ. ಹೂಗ್ಯಂನ ನೆಂಟರ ಹೊಲ ಉಳಲು ಎರಡನ್ನೂ ಹೊಡೆದುಕೊಂಡು ಹೋಗಿ, ಅಲ್ಲೇ ಕಾಡಂಚಿನಲ್ಲಿ ಹದಿನೈದು ದಿನ ಮೇಯಿಸಿದ್ದೆ. ವಾಪಸ್ಸು ಬಂದಾಗ ಕೆಂದನ ತೊಡೆಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳು ಕಚ್ಚಿಕೊಂಡಿದ್ದವು. ಕೈಯಲ್ಲಿ ಕಿತ್ತು ಬಿಸಾಕಿ ಸುಮ್ಮನಾದೆ.

ಒಂದು ವಾರದ ಮೇಲೆ ಕೆಂದ ಮೇವು ಬಿಟ್ಟಿತು. ಮೈ ಕಾದ ಹೆಂಚಿನಂತಿತ್ತು. ಮೊಮ್ಮಗಳು ರಜೆಗೆ ಬಂದಿದ್ದಳು. ಬೆಳಗ್ಗೆ ಕೊಟ್ಟಿಗೆಗೆ ಹೋದವಳು ಓಡಿ ಬಂದು ತನ್ನ ಚೀಲದಿಂದ ಸೂಜಿ, ಗಾಜಿನ ಪಟ್ಟಿಗಳನ್ನು ತೆಗೆದಳು.

"ತಾತ, ಉಚ್ಚೆ ಕಾಫಿ ಬಣ್ಣಕ್ ತಿರ್ಗದೆ. ಕಿವಿ ತುದೀಲಿ ಒಂದ್ ತೊಟ್ಟು ರಕ್ತ ತಕತೀನಿ. ಕೊಳ್ಳೇಗಾಲದ ಆಸ್ಪತ್ರೇಲಿ ನೋಡ್ಕಂಡು, ಡಾಕ್ಟ್ರುನ್ನೂ ಇಂಜೆಕ್ಷನ್ನೂ ಜತೇಲೇ ಕರ್ಕಬತ್ತೀನಿ."

ಅವತ್ತು ಸೋಮವಾರ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವ ಪದ್ಧತಿ ನಮ್ಮ ಕಡೆ ಇಲ್ಲ, ಅದು ಬಸವನ ದಿನ. ನಮ್ಮಪ್ಪ ಇನ್ನೊಂದು ಹೆಜ್ಜೆ ಮುಂದೆ: ಅವತ್ತು ಎತ್ತಿನ ಮೈಯಿಂದ ರಕ್ತ ಕಾಣಿಸಕೂಡದು ಎನ್ನುತ್ತಿದ್ದ. ನಾನೂ ಹಾಗೇ ನಡೆದುಕೊಂಡು ಬಂದಿದ್ದೆ.

"ಇವತ್ ಸೋಮಾರ ಕಣವ್ವ. ಸೂಜಿ ತಾಗಿಸ್ಬ್ಯಾಡ. ನಾಳೀಕ್ ಮಾಡು."

"ನಾಳೀಕ್ ಅಂದ್ರೆ ತಡ ಆಯ್ತದೆ ತಾತ."

"ಎತ್ತು ಸಾಕ್ದೋನು ನಾನು. ನಿನ್ ಪಾಠ ಕಾಲೇಜಲ್ ಹೇಳ್ಕೊಡು, ನಂಗಲ್ಲ."

ಅವಳು ಮುಖ ಕೆಂಪಗೆ ಮಾಡಿಕೊಂಡು ಗಾಜುಗಳನ್ನು ಚೀಲಕ್ಕೆ ಹಾಕಿಕೊಂಡಳು. ಆ ದಿನವೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದಳು. ಮಂಗಳವಾರ ಕೋಳಿ ಕೂಗುವ ಹೊತ್ತಿಗೆ ರಕ್ತ ತೆಗೆದು ಮೊದಲ ಬಸ್ಸಿಗೆ ಹೋದಳು. ಡಾಕ್ಟರನ್ನು ಕರೆದುಕೊಂಡು ಬಂದು ಇಂಜೆಕ್ಷನ್ ಕೊಡಿಸುವಾಗ ಕೆಂದ ಮಲಗಿಬಿಟ್ಟಿತ್ತು. ಮಧ್ಯಾಹ್ನಕ್ಕೆ ಕತ್ತು ನೀಡಿ ಉಸಿರು ಬಿಟ್ಟಿತು. ನಾವೇ ಹೊಲದ ಬದುವಿನಲ್ಲಿ ಗುಂಡಿ ತೋಡಿದೆವು. ಅವಳು ಬೈದಿದ್ದರೆ ಉಣ್ಣುವುದಕ್ಕಾದರೂ ಆಗುತ್ತಿತ್ತು.

ಆಮೇಲೆ ನಾನು ಎತ್ತು ಕೊಳ್ಳಲಿಲ್ಲ, ಬೂದನಿಗೆ ಬೇರೆ ಜೋಡಿ ಹೂಡಲಿಲ್ಲ. ಅವಳು ಹಬ್ಬಕ್ಕೆ ಬರುತ್ತಿದ್ದಳು, ಹೋಗುತ್ತಿದ್ದಳು. ಅವಳ ಮನಸ್ಸಿನಲ್ಲಿ ನನ್ನ ಬಗ್ಗೆ ಏನಿದೆ ಎಂದು ಕೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ.

ಈ ವರ್ಷ ಅವಳು ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮೂರಿಗೇ ಬಂದಳು. ಸಮುದಾಯ ಭವನದಲ್ಲಿ ಶಿಬಿರ. ಮೊದಲ ದಿನವೇ ಸೋಮವಾರ. ಹಸು, ಮೇಕೆ ಬಂದವು. ಎತ್ತು ಒಂದೂ ಇಲ್ಲ. ಪಕ್ಕದ ಮನೆಯ ಗೆಳೆಯ ನನ್ನನ್ನು ತಿವಿದ.

"ಏನ್ಲಾ, ಮೊಮ್ಮಗಳು ಪ್ರೊಫೆಸರ್ರು ಅಂತ ಊರೆಲ್ಲ ಸಾರ್ಕಬಂದೆ. ನಿನ್ ಎತ್ತೆಲ್ಲಿ?"

"ನಿಂದೆಲ್ಲೋ?"

"ನಂದು ಸೋಮಾರ ರಜ ಕಣ್ಲಾ, ಸರ್ಕಾರಿ ನೌಕರ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಅವಳು ಒಂದು ಹಳೆಯ ಗಾಜನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದಳು. ತಿಳಿಗೆಂಪು ಬಿಲ್ಲೆಗಳು. ಅವುಗಳೊಳಗೆ ತುದಿಗೆ ತುದಿ ತಾಗಿಸಿಕೊಂಡ ಎರಡೆರಡು ಎಳ್ಳುಕಾಳು.

"ಇದು ಬಂಡಳ್ಳಿಯದೇ ಒಂದು ಎತ್ತಿನ ರಕ್ತ. ಪ್ರತಿ ವರ್ಷ ಪಾಠ ಶುರು ಮಾಡೋದು ಈ ಗಾಜಿನಿಂದಲೇ. ಬಿಲ್ಲೆಗಳು ರಕ್ತಕಣ, ಒಳಗೆ ಕಾಳಿನಂತಿರೋದು ಉಣ್ಣೆಯಿಂದ ಬಂದ ರೋಗಾಣು. ರಕ್ತ ಒಂದು ದಿನ ತಡವಾಗಿ ತೆಗೆದದ್ದು, ಎತ್ತು ಉಳಿಯಲಿಲ್ಲ. ತಪ್ಪು ನನ್ನದು. ದನದ ಯಜಮಾನನಿಗೆ ತಿಳಿಯೋ ಹಾಗೆ ಹೇಳೋಕೆ ನನಗೆ ಬರಲಿಲ್ಲ."

ನಾನು ತಟ್ಟನೆ ಎದ್ದು ನಿಂತೆ.

"ಸುಳ್ಳು ಕಣ್ರಪ್ಪ. ಅವ್ಳು ಹೇಳುದ್ಲು. ಬ್ಯಾಡ ಅಂದೋನು ನಾನು. ಆ ಎತ್ತು ನಂದು."

ಮಕ್ಕಳೆಲ್ಲ ತಿರುಗಿದರು. ಅವಳು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟಳು.

"ಕೂತ್ಕೊ ತಾತ. ಕಾಯ್ಲೆ ಬಂದಾಗ ಮೊದ್ಲು ನಿಂಗ್ ಏನ್ ಕಾಣುಸ್ತು, ಇವರಿಗೆ ಹೇಳು."

ನಾನು ಹೇಳಿದೆ. ಮೇವು ಬಿಡುವುದಕ್ಕೆ ಎರಡು ದಿನ ಮುಂಚೆಯೇ ಕೆಂದ ಬೂದನ ಕತ್ತು ನೆಕ್ಕುವುದನ್ನು ಬಿಟ್ಟಿತ್ತು ಎಂದು. "ಬರ್ಕೊಳ್ಳಿ," ಎಂದಳು. ಅಷ್ಟೂ ಜನ ಬರೆದುಕೊಂಡರು. ನನ್ನ ಮಾತನ್ನು!

ಹೊರಗೆ ಬಂದ ಮೇಲೆ ಕೇಳಿದೆ. "ನನ್ ಮ್ಯಾಲೆ ಕ್ವಾಪ ಇತ್ತಾ ಕಣವ್ವ?"

"ಇತ್ತು ತಾತ. ನನ್ ಮ್ಯಾಲೂ ಇತ್ತು."

ನಾನು ಮನೆಗೆ ಹೋಗಿ ಬೂದನನ್ನು ಬಿಚ್ಚಿಕೊಂಡು ಬಂದೆ. ಗೆಳೆಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನೇ ಮೂಗುದಾರ ಹಿಡಿದೆ. ಒಬ್ಬ ಹುಡುಗಿ ಕಿವಿಗೆ ಸೂಜಿ ತಾಗಿಸಿದಳು. ಮೊಮ್ಮಗಳು ಅವಳ ಕೈ ಮೇಲೆ ಕೈಯಿಟ್ಟು ಆ ಒಂದು ತೊಟ್ಟನ್ನು ಗಾಜಿನ ಮೇಲೆ ತೆಳ್ಳಗೆ ಎಳೆಸಿದಳು. ಅದನ್ನು ನೋಡಿ ನನಗೆ ಹಿಗ್ಗೂ ಅಳುವೂ ಒಟ್ಟಿಗೇ ಬಂದವು.

ಬೂದನಿಗೆ ಏನೂ ಇರಲಿಲ್ಲ, ಮುಪ್ಪು ಅಷ್ಟೆ. ಮನೆಗೆ ಬರುವಾಗ ಎಂದಿನಂತೆ ಹಾದಿಯ ಎಡ ಹಿಡಿದೇ ನಡೆಯಿತು, ಬಲಕ್ಕೆ ಒಂದು ಎತ್ತಿನಷ್ಟು ಜಾಗ ಬಿಟ್ಟು.