ಬದುಕಿರುವ ಅಪ್ಪನನ್ನು ಸಾಯಿಸಿದ ಪ್ರಬಂಧ

ಗೆಳೆಯರೇ, ಇಂದು ಇಂದಿರಾನಗರದ ಕೋಚಿಂಗ್ ಸೆಂಟರೊಂದರಲ್ಲಿ ಒಬ್ಬರು ತಮ್ಮ ಸಾವಿನ ಸುದ್ದಿಯನ್ನು ತಾವೇ ಕೂತು ಓದಿದರು.

ನನ್ನ ಹಳೆಯ ವಿದ್ಯಾರ್ಥಿನಿ ನಾಜಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅದರ ಜೊತೆ ತನ್ನ ಬಗ್ಗೆ ಒಂದು ಪ್ರಬಂಧ ಕೊಡಬೇಕು, ಇಂದೇ ಕೊನೆಯ ದಿನ. ಶಿವಾಜಿನಗರದ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಗಡಿಯಾರ ಬಿಚ್ಚಿ ಜೋಡಿಸಲು ಕಲಿತದ್ದನ್ನು ಅವಳು ಸೊಗಸಾಗಿ ಬರೆದಿದ್ದಳು. ಸೆಂಟರಿನವರು ಅದನ್ನು ಎಐಗೆ ಕೊಟ್ಟು "ಸುಧಾರಿಸಿದ್ದಾರೆ". ಈಗ ಅದು ಶುರುವಾಗುವುದೇ ಹೀಗೆ: ಅಪ್ಪ ತೀರಿಕೊಂಡ ದಿನ ಅಂಗಡಿಯ ಗಡಿಯಾರಗಳೆಲ್ಲ ನಿಂತುಹೋದವು.

ಅವಳ ಜೊತೆ ಸೆಂಟರಿಗೆ ಅವಳ ಅಪ್ಪನೂ ನಾನೂ ಹೋಗಿದ್ದೆವು. ಅಪ್ಪ ಎರಡು ಸಲ ಓದಿ, ಕನ್ನಡಕ ತೆಗೆದು ನನ್ನತ್ತ ತಿರುಗಿದರು. "ಯಾ ಅಲ್ಲಾ! ನಾನ್ ಯಾವಾಗ ಹೋದೆ ಮೇಡಂ?"

ಸೆಂಟರಿನ ಕೌನ್ಸೆಲರ್ ನಕ್ಕ. "ಎಲ್ರೂ ಹಿಂಗೇ ಮಾಡ್ತಾರೆ ಅಂಕಲ್. ವಾಚ್ ರಿಪೇರೀಲಿ ಎಮೋಷನ್ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಆ ಹುಡುಗಿ ನಿಜವಾಗಿ ಬದುಕಿದ ಬದುಕು ಇವರಿಗೆ ಸಾಲದೇ? "ಇಂಟರ್‌ವ್ಯೂನಲ್ಲಿ ಅಪ್ಪನ ಬಗ್ಗೆ ಕೇಳಿದ್ರೆ ಅವಳು ಏನ್ರೀ ಹೇಳ್ಬೇಕು? ಸುಳ್ಳು ನಿಮ್ದು, ಹೆಸರು ಅವಳದು!"

ಆತ ಸ್ವಲ್ಪ ಯೋಚಿಸಿ ಉದಾರವಾಗಿ ಹೇಳಿದ: "ಆಯ್ತು ಮೇಡಂ, ಅಂಕಲ್‌ನ ಬದುಕಿಸೋಣ. ಆದ್ರೆ ಒಂದು ಸೀರಿಯಸ್ ಕಾಯಿಲೆಯಾದ್ರೂ ಇರ್ಲಿ."

ನಾಜಿಯಾ ಫೋನ್ ತೆಗೆದು, ತಾನು ಬರೆದಿದ್ದನ್ನೇ ಅಪ್‌ಲೋಡ್ ಮಾಡಿದಳು. ಸೀಟು ಸಿಗುತ್ತದೋ ಇಲ್ಲವೋ, ಗೊತ್ತಿಲ್ಲ. ಸಿಕ್ಕರೆ ಅವಳನ್ನು ಸೇರಿಸಲು ಅಪ್ಪ ಖುದ್ದಾಗಿ ಹೋಗುತ್ತಾರೆ, ಯಾವ ಕಾಯಿಲೆಯೂ ಇಲ್ಲದೆ.