ಗೆರೆಯೊಳಗಿನ ಚುಕ್ಕೆಗಳು

ಕುಂದಾಪುರದ ಆ ನೀರು ಪರೀಕ್ಷೆಯ ಲ್ಯಾಬಿನಲ್ಲಿ ನಾನು ಕಲಿತ ಮೊದಲ ವಿದ್ಯೆಯೇ ಮೋಸ. ಆಗ ಅದನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬಿಡಿ.

ನಮಗೆ ಪುಟ್ಟ ಗುಳಿಗೆಗಳು ಬರುತ್ತಿದ್ದವು. ಒಂದೊಂದರಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದೆಯೆಂದು ಮೊದಲೇ ಗೊತ್ತು. ಬಾವಿನೀರು ಪರೀಕ್ಷಿಸುವಾಗೆಲ್ಲ ಜೊತೆಗೊಂದು ಗುಳಿಗೆಯನ್ನೂ ಕರಗಿಸಿ ತಟ್ಟೆಯಲ್ಲಿ ಬೆಳೆಸಿ, ಮಾರನೇ ದಿನ ಎಣಿಸಿ, ಗೋಡೆಯ ನಕ್ಷೆಯಲ್ಲಿ ಚುಕ್ಕೆ ಇಡಬೇಕು. ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಮಿತಿಯ ಗೆರೆ. ಚುಕ್ಕೆ ಮಿತಿ ದಾಟಿದರೆ ಅಂದಿನ ಯಾವ ವರದಿಯನ್ನೂ ಕೊಡಬಾರದು. ಮಿತಿಯೊಳಗಿದ್ದರೂ ಸತತ ಏಳು ಚುಕ್ಕೆ ಸರಾಸರಿಯ ಒಂದೇ ಪಕ್ಕಕ್ಕೆ ಬಿದ್ದರೆ ಕೆಲಸ ನಿಲ್ಲಿಸಬೇಕು. ನಾವೇನು ಮಾಡುತ್ತಿದ್ದೆವು? ಚುಕ್ಕೆ ಹೊರಗೆ ಬಿದ್ದರೆ ಗುಳಿಗೆಯೇ ಸರಿಯಿಲ್ಲವೆಂದು ಇನ್ನೊಂದನ್ನು ಕರಗಿಸಿ, ಒಳಗೆ ಬಿದ್ದದ್ದನ್ನಷ್ಟೇ ಬರೆಯುತ್ತಿದ್ದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆ ವರ್ಷ ಚುಕ್ಕೆಗಳೆಲ್ಲ ಕೆಳಪಕ್ಕಕ್ಕೇ ಬೀಳತೊಡಗಿದವು. ಏಳನೆಯದು ಬಿದ್ದ ದಿನ ಹಿರಿಯ ಸಹೋದ್ಯೋಗಿಗೆ ತೋರಿಸಿದೆ.

"ಗೆರಿ ಒಳ್ಗೇ ಇತ್ತಲೆ ಮರಾಯ್ತಿ, ನಿಂಗೆಂತ ಮಂಡೆಬಿಸಿ?" ಅಂದರು.

ನನಗೂ ಅಷ್ಟೇ ಬೇಕಿತ್ತು. ಮನೆಗೆ ಹೋಗುವ ಬೈಂದೂರಿನ ಬಸ್ಸು ತಪ್ಪುತ್ತದೆಂಬ ಅವಸರ ನನ್ನದು.

ಅಂದೇ ಪಕ್ಕದ ಕೋಡಿ ಊರಿನಲ್ಲಿ ಮೀನು ಮಾರುವ ಹೆಂಗಸೊಬ್ಬರು ತಮ್ಮ ಬಾವಿಯ ವರದಿಗೆ ಬಂದಿದ್ದರು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

"ಹ್ವಾಯ್, ಬಸ್ರಿ ಹೆಣ್ ಕುಡಿಲಕ್ಕಾ?"

ಅವರ ಬಾವಿನೀರಿನ ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ. "ಕುಡಿಲಕ್ಕ್ ಅಕ್ಕ, ಎಂತ ತೊಂದ್ರಿ ಇಲ್ಲೆ" ಅಂದು ಸಹಿ ಹಾಕಿ ಕೊಟ್ಟೆ.

ತಿಂಗಳೊಳಗೆ ಮೀನು ಮಾರ್ಕೆಟ್ಟಿನಲ್ಲಿ ಸುದ್ದಿ ಸಿಕ್ಕಿತು. ಮಗಳಿಗೆ ವಾಂತಿಭೇದಿ, ಆಸ್ಪತ್ರೆ. ಮಗು ಹೊಟ್ಟೆಯಲ್ಲೇ ಹೋಯಿತು. ಕೈಯಲ್ಲಿದ್ದ ಮೀನು ಅಲ್ಲೇ ಬಿಟ್ಟು ಲ್ಯಾಬಿಗೆ ಓಡಿದೆ. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ತಟ್ಟೆಗೆ ಹಾಕುವ ಪುಡಿಯ ಡಬ್ಬಿ ಅಲುಗಾಡಿಸಿದರೆ ಸದ್ದೇ ಇಲ್ಲ. ಕಡಲಗಾಳಿಯ ತೇವ ಎಳೆದು ಹೆಂಟೆಗಟ್ಟಿತ್ತು. ಅದರ ಮೇಲೆ ಗುಳಿಗೆಯವೇ ಅರೆಬರೆ ಬೆಳೆಯುತ್ತಿದ್ದವು, ಇನ್ನು ಬಾವಿಯವು ಬೆಳೆದಾವೇ? ಹೊಸ ಡಬ್ಬಿ ಒಡೆದೆ, ಅವರ ಬಾವಿಯಿಂದ ನೀರು ತರಿಸಿ ಹಾಕಿದೆ. ಮಾರನೇ ದಿನ ತಟ್ಟೆ ತುಂಬಿ ಹೋಗಿತ್ತು. ಏಳು ಚುಕ್ಕೆ ಕೂಗಿ ಹೇಳಿದ್ದನ್ನು ನಾನು ಬಸ್ಸಿಗಾಗಿ ಕೇಳದೆ ಹೋಗಿದ್ದೆ.

ಕೋಡಿಗೆ ಹೋದೆ. ನನ್ನ ಸಹಿಯ ವರದಿಯನ್ನು ಅವರು ದೇವರ ಪಟದ ಪಕ್ಕದಲ್ಲಿ ಸಿಕ್ಕಿಸಿಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು:

"ಡಾಕ್ಟ್ರ್ ನೀರೋ ಊಟವೋ ಅಂದ್ರ್. ನೀರ್ ಸಮ ಇತ್ತ್ ಅಂದೇಳಿ ನೀವೇ ಕಾಗ್ದ ಕೊಟ್ಟಿದ್ರಿ. ಹಂಗಾರೆ ನನ್ ಅಡ್ಗಿಯೇ. ಬೀಗ್ರೂ ಅದನ್ನೇ ಹೇಳ್ತ್ರ್. ಹೆಣ್ಣ್ ಈಗ ನನ್ ಕೈ ಅಡ್ಗಿ ಉಂತಿಲ್ಲೆ."

ಎಲ್ಲ ಹೇಳಿಬಿಟ್ಟೆ. ಗುಳಿಗೆ, ಚುಕ್ಕೆ, ಬಸ್ಸು, ಏನನ್ನೂ ಮುಚ್ಚಿಡಲಿಲ್ಲ. ಬೈದರೆ ಸಾಕು, ಹೊಡೆದರೂ ಸರಿ ಅನ್ನಿಸಿತ್ತು. ಅವರು ಕೇಳಿದ್ದು ಇಷ್ಟೇ:

"ಹಂಗಾರೆ ನನ್ ಅಡ್ಗಿ ಅಲ್ದಾ?"

"ಅಲ್ಲ ಅಕ್ಕ."

"ಬೀಗ್ರ್ ಮನಿಗ್ ಬಂದ್ ಇದನ್ನ್ ಹೇಳ್ತ್ರಿಯಾ?"

ಮರುದಿನ ಇಬ್ಬರೂ ಬೀಗರ ಊರಾದ ಸಿದ್ದಾಪುರದ ಬಸ್ಸು ಹತ್ತಿದೆವು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವರು ದಾರಿಯುದ್ದಕ್ಕೂ ನಿಂತೇ ಬಂದರು.